ಅಜ್ಜಿಯ ಕಥೆಗೊಂದು ಪರಿಗ್ರಹಣ ಸಂಖ್ಯೆ: ಶಾಲಾ ಗ್ರಂಥಾಲಯದಲ್ಲಿ ಡಿಜಿಟಲ್ ಕಥೆ ಕಟ್ಟುವ ಬಗೆ

ತೀರ್ಥಹಳ್ಳಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ನಾನು ಗ್ರಂಥಪಾಲಕಿ. ನಮ್ಮ ಗ್ರಂಥಾಲಯವೆಂದರೆ ಹಂಚಿನ ಮಾಡಿನ ಒಂದು ಉದ್ದನೆಯ ಕೋಣೆ, 11 ಕಪಾಟು, ಎರಡು ಹಳೆಯ ಕಂಪ್ಯೂಟರ್, ಜೊತೆಗೆ ನನ್ನದೇ ಮೊಬೈಲ್. ಪ್ರತಿ ತರಗತಿಗೂ ವಾರಕ್ಕೊಮ್ಮೆ 40 ನಿಮಿಷ ಸಿಗುತ್ತದೆ. ಇಷ್ಟನ್ನೇ ಇಟ್ಟುಕೊಂಡು ಕೆಲವು ವರ್ಷಗಳಿಂದ ಮಕ್ಕಳ ಕೈಯಲ್ಲಿ ಕಥೆ ಮಾಡಿಸುತ್ತಿದ್ದೇನೆ. ಕೆಲವು ಕೇಳುವ ಕಥೆಗಳು, ಕೆಲವು ಚಿತ್ರದ ಕಥೆಗಳು, ಇನ್ನು ಕೆಲವು ಓದುಗರೇ ದಾರಿ ಆರಿಸಿಕೊಂಡು ಹೋಗುವ ಕಥೆಗಳು. ನಿಮ್ಮ ಶಾಲೆಯಲ್ಲೂ ಇದನ್ನು ಶುರು ಮಾಡಬೇಕೆಂದಿದ್ದರೆ ನಾನು ಹೋದ ದಾರಿ ಇಲ್ಲಿದೆ, ಎಡವಿದ ಜಾಗಗಳ ಸಮೇತ.

ತಂತ್ರಾಂಶದ ಹೆಸರು ಕೇಳಲು ಆತುರಪಡಬೇಡಿ. ಕಂಪ್ಯೂಟರ್ ಮುಂದೆ ಮಗುವನ್ನು ಕೂರಿಸಿ ‘ಕಥೆ ಮಾಡು’ ಎಂದರೆ ಅದು ಅಕ್ಷರದ ಬಣ್ಣ ಬದಲಿಸುತ್ತಾ, ಚಿತ್ರ ಎಳೆದಾಡುತ್ತಾ ಇಡೀ ಅವಧಿಯನ್ನು ಕಳೆಯುತ್ತದೆ. ಕಥೆ ಮೊದಲು ಬಾಯಲ್ಲಿ ಹುಟ್ಟಬೇಕು, ಆಮೇಲೆ ಕಾಗದದ ಮೇಲೆ ನಿಲ್ಲಬೇಕು, ಕಂಪ್ಯೂಟರ್ ಬರಬೇಕಾದದ್ದು ಕೊನೆಗೆ. ಈ ಕ್ರಮವನ್ನು ತಪ್ಪಿಸಿದಾಗಲೆಲ್ಲ ನನಗೆ ಸಿಕ್ಕಿದ್ದು ಬಣ್ಣಬಣ್ಣದ ಖಾಲಿ ಪುಟಗಳು ಮಾತ್ರ.

ಮಳೆಗಾಲಕ್ಕೊಂದು ಕೆಲಸ, ಬಿಸಿಲಿಗೊಂದು ಕೆಲಸ

ಮಲೆನಾಡಿನ ಶಾಲೆಗೆ ಮಳೆಯೇ ವೇಳಾಪಟ್ಟಿ ಬರೆದುಕೊಡುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ವಿದ್ಯುತ್ತನ್ನು ನೆಚ್ಚಿಕೊಂಡು ಯಾವ ಕೆಲಸವನ್ನೂ ಹಾಕಿಕೊಳ್ಳಬೇಡಿ. ಮರ ಬಿದ್ದು ತಂತಿ ಹರಿದರೆ ಎರಡು ಮೂರು ದಿನ ಕತ್ತಲೆ. ನಡುನಡುವೆ ಮಳೆ ರಜೆ ಬೇರೆ. ಹಾಗಾಗಿ ಆ ಮೂರು ತಿಂಗಳನ್ನು ಕೇಳುವುದಕ್ಕೆ, ಬರೆಯುವುದಕ್ಕೆ, ಚಿತ್ರ ಬಿಡಿಸುವುದಕ್ಕೆ ಇಟ್ಟುಕೊಳ್ಳಿ. ಕಂಪ್ಯೂಟರಿನ ಕೆಲಸವನ್ನು ದಸರಾ ರಜೆ ಮುಗಿದ ಮೇಲೆ ಹಿಡಿಯಿರಿ. ಹತ್ತನೇ ತರಗತಿಯವರನ್ನು ಇದಕ್ಕೆ ಎಳೆಯಬೇಡಿ, ಅವರಿಗೆ ಪರೀಕ್ಷೆಯ ಹೊರೆಯೇ ಸಾಕಷ್ಟಿರುತ್ತದೆ. ಎಂಟು ಮತ್ತು ಒಂಬತ್ತನೇ ತರಗತಿ ಇದಕ್ಕೆ ಹೇಳಿ ಮಾಡಿಸಿದ ವಯಸ್ಸು.

ಕಥೆ ತರಿಸುವುದು

‘ಮನೆಯಿಂದ ಒಂದು ಕಥೆ ಕೇಳಿಕೊಂಡು ಬನ್ನಿ’ ಎಂದು ಮೊದಲ ವರ್ಷ ಹೇಳಿದ್ದೆ. ಮೂವತ್ತು ಮಕ್ಕಳು ಆಮೆ ಮೊಲದ ಓಟವನ್ನೂ ಬಾಯಾರಿದ ಕಾಗೆಯನ್ನೂ ತಂದರು. ತಪ್ಪು ಮಕ್ಕಳದ್ದಲ್ಲ. ಮನೆಯ ಹಿರಿಯರಿಗೂ ‘ಕಥೆ’ ಎಂದೊಡನೆ ಪಠ್ಯಪುಸ್ತಕದ್ದೇ ನೆನಪಾಗುತ್ತದೆ.

ಈಗ ನಾನು ಕಥೆ ಎಂಬ ಪದವನ್ನೇ ಬಳಸುವುದಿಲ್ಲ. ಒಂದು ವಸ್ತುವನ್ನೋ ಜಾಗವನ್ನೋ ಹಿಡಿದು ಪ್ರಶ್ನೆ ಕೊಟ್ಟು ಕಳುಹಿಸುತ್ತೇನೆ. ನಿಮ್ಮ ಮನೆಯ ಅಟ್ಟದಲ್ಲಿ ಈಗ ಯಾರೂ ಬಳಸದ ವಸ್ತು ಯಾವುದಿದೆ, ಅದು ಯಾರ ಕೈಯಲ್ಲಿತ್ತು? ಮಳೆಗೆ ಹೊದೆಯುವ ಗೊರಬು ಹಾಕಿಕೊಂಡು ಗದ್ದೆ ನಟ್ಟಿಗೆ ಹೋದವರು ಮನೆಯಲ್ಲಿ ಯಾರಿದ್ದಾರೆ, ಅದರೊಳಗೆ ಮಳೆಯ ಸದ್ದು ಹೇಗೆ ಕೇಳುತ್ತಿತ್ತು? ದೀಪಾವಳಿಯಲ್ಲಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಹಾಡುತ್ತಾ ಬಂದ ರಾತ್ರಿ ಏನಾಯಿತು? ಭೂಮಿ ಹುಣ್ಣಿಮೆಗೆ ಗದ್ದೆಗೆ ನೈವೇದ್ಯ ಒಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆದವರು ಯಾರು? ಸಾಗರ, ಹೊಸನಗರದ ಶಾಲೆಗಳಲ್ಲಾದರೆ ಇನ್ನೊಂದು ಪ್ರಶ್ನೆಯನ್ನು ಕೇಳಲೇಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಏರಿದಾಗ ಊರು ಬಿಟ್ಟವರು ಮನೆಯಲ್ಲಿ ಇದ್ದಾರೆಯೇ? ಹೊರಡುವಾಗ ಏನನ್ನು ಹೊತ್ತುಕೊಂಡರು, ಏನನ್ನು ಅಲ್ಲೇ ಬಿಟ್ಟರು? ಆ ನೀರಿನ ಅಂಚಿನ ಒಂದು ಶಾಲೆಗೆ ನಾನು ಹೋಗಿದ್ದಾಗ ಒಬ್ಬ ಹುಡುಗ ಒಂದೇ ಸಾಲು ಬರೆದುಕೊಂಡು ಬಂದಿದ್ದ: ‘ನಮ್ಮ ಅಜ್ಜ ಬಾಗಿಲು ಕಿತ್ತು ತಂದರು, ಆ ಬಾಗಿಲು ಈಗ ನಮ್ಮ ಕೊಟ್ಟಿಗೆಯಲ್ಲಿದೆ.’ ಇಡೀ ಕಥೆಗೆ ಅಷ್ಟೇ ಸಾಕಾಯಿತು.

ಮಗು ತಂದದ್ದನ್ನು ಮೊದಲು ತರಗತಿಯ ಮುಂದೆ ನಿಂತು ಹೇಳಲಿ. ಬರೆದದ್ದನ್ನು ಓದಲು ಬಿಡಬೇಡಿ. ಹೇಳುವಾಗ ಕೇಳುವವರು ಎಲ್ಲಿ ಹತ್ತಿರ ಬಾಗುತ್ತಾರೆ, ಎಲ್ಲಿ ಕಿಟಕಿ ನೋಡುತ್ತಾರೆ ಎಂಬುದನ್ನು ನೀವು ಗುರುತು ಹಾಕಿಕೊಳ್ಳಿ. ಆಮೇಲೆ ಒಂದು ಹಾಳೆಯನ್ನು ಎಂಟು ಚೌಕಕ್ಕೆ ಮಡಿಸಿ, ಒಂದೊಂದು ಚೌಕಕ್ಕೆ ಒಂದು ಚಿತ್ರ, ಎರಡು ವಾಕ್ಯ ಬರೆಸಿ. ಆ ಎಂಟು ಚೌಕವೇ ಮುಂದಿನ ಎಲ್ಲ ಕೆಲಸದ ನಕ್ಷೆ. ಪುಸ್ತಕವಾದರೂ ಸರಿ, ಧ್ವನಿಯಾದರೂ ಸರಿ, ಅದೇ ಹಾಳೆ ಸಾಕು.

ಧ್ವನಿ ಹಿಡಿಯುವುದು

ಮೊದಲ ಉಪಕರಣವಾಗಿ ಮೊಬೈಲಿನ ರೆಕಾರ್ಡರನ್ನೇ ತೆಗೆದುಕೊಳ್ಳಿ. ಟೈಪಿಸಲು ಬಾರದ ಮಗುವಿಗೂ ಹೇಳಲು ಬರುತ್ತದೆ. ಓದಿನಲ್ಲಿ ಹಿಂದೆ ಎಂದು ನಾವು ಗುರುತು ಹಾಕಿದ ಮಕ್ಕಳೇ ಇಲ್ಲಿ ಮುಂದೆ ಬರುವುದನ್ನು ನಾನು ಪ್ರತಿ ವರ್ಷ ಕಾಣುತ್ತೇನೆ. ಈ ಒಂದು ಕಾರಣಕ್ಕಾದರೂ ಧ್ವನಿಯಿಂದಲೇ ಶುರು ಮಾಡಿ.

ಹಂಚಿನ ಮಾಡಿನ ಕೋಣೆಯಲ್ಲಿ ಮಾತು ಮಾರ್ದನಿಸುತ್ತದೆ. ಇದಕ್ಕೆ ಗ್ರಂಥಾಲಯದಲ್ಲೇ ಮದ್ದಿದೆ. ಪುಸ್ತಕ ತುಂಬಿದ ಎರಡು ಕಪಾಟುಗಳ ನಡುವಿನ ಸಂದಿಯಲ್ಲಿ ಮಗುವನ್ನು ಕೂರಿಸಿ, ಬೆನ್ನ ಹಿಂದೆ ಒಂದು ಕಂಬಳಿ ಇಳಿಬಿಡಿ. ಪುಸ್ತಕ, ಕಂಬಳಿ ಎರಡೂ ಸದ್ದನ್ನು ಹೀರಿಕೊಳ್ಳುತ್ತವೆ. ಮೊಬೈಲನ್ನು ಕೈಯಲ್ಲಿ ಕೊಡಬೇಡಿ, ಬೆರಳು ಸವರುವ ಸದ್ದೂ ಸೇರಿಬಿಡುತ್ತದೆ. ನಾಲ್ಕೈದು ದಪ್ಪ ಪುಸ್ತಕ ಪೇರಿಸಿ, ಅದರ ಮೇಲೆ ಬಟ್ಟೆ ಹಾಸಿ, ಮಗುವಿನ ಬಾಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಪಕ್ಕಕ್ಕೆ ಮೊಬೈಲ್ ಇಡಿ. ನೇರ ಎದುರಿಗಿಟ್ಟರೆ ‘ಪ’, ‘ಭ’ ಅಕ್ಷರಗಳಲ್ಲಿ ಉಸಿರು ಬಡಿಯುತ್ತದೆ. ಏರೋಪ್ಲೇನ್ ಮೋಡ್ ಹಾಕುವುದನ್ನು ಮರೆಯಬೇಡಿ. ಕಥೆ ಶುರುವಾಗುವ ಮೊದಲು ಹತ್ತು ಸೆಕೆಂಡ್ ಯಾರೂ ಮಾತನಾಡದೆ ಕೋಣೆಯ ಸದ್ದನ್ನಷ್ಟೇ ಹಿಡಿಯಿರಿ. ಈ ಹತ್ತು ಸೆಕೆಂಡ್ ಮುಂದೆ ಕೆಲಸಕ್ಕೆ ಬರುತ್ತದೆ.

ಕತ್ತರಿಸಿ ಜೋಡಿಸಲು ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು, ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಇಂಟರ್‌ನೆಟ್ ಬೇಕಿಲ್ಲ. ಅದರಲ್ಲಿ ಗದ್ದಲ ತಗ್ಗಿಸುವ ‘ನಾಯ್ಸ್ ರಿಡಕ್ಷನ್’ ಎಂಬ ಸೌಲಭ್ಯವಿದೆ. ಮೊದಲು ಹಿಡಿದಿಟ್ಟ ಆ ಹತ್ತು ಸೆಕೆಂಡನ್ನು ಆಯ್ದು ‘ಇದು ಗದ್ದಲ’ ಎಂದು ತೋರಿಸಿ, ಆಮೇಲೆ ಇಡೀ ಧ್ವನಿಯನ್ನು ಆಯ್ದು ಅದೇ ಸೌಲಭ್ಯವನ್ನು ಮತ್ತೊಮ್ಮೆ ಬಳಸಬೇಕು. ಫ್ಯಾನಿನಂಥ ಒಂದೇ ಸಮನೆಯ ಸದ್ದಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆಯದ್ದು ಬೇರೆ ಲೆಕ್ಕ. ಮಳೆ ಏರುತ್ತದೆ, ಇಳಿಯುತ್ತದೆ. ಅದನ್ನು ಪೂರ್ತಿ ಒರೆಸಲು ಹೋದರೆ ಮಗುವಿನ ದನಿಯೇ ನೀರೊಳಗಿಂದ ಬಂದಂತಾಗುತ್ತದೆ. ಗದ್ದಲ ತಗ್ಗಿಸುವ ಪ್ರಮಾಣ 12 ಡೆಸಿಬಲ್‌ಗಿಂತ ಮೇಲೆ ಹೋಗದಿರುವುದು ಲೇಸು.

ಇದನ್ನು ನನಗೆ ಕಲಿಸಿದವಳು ಎಂಟನೇ ತರಗತಿಯ ಒಬ್ಬ ಹುಡುಗಿ. ಅವಳ ಅಜ್ಜಿ ಅಡಿಕೆ ಸುಲಿಯುತ್ತಾ ಹೇಳಿದ ಕಥೆಯನ್ನು ಅವಳು ಮನೆಯಲ್ಲೇ ಅಪ್ಪನ ಮೊಬೈಲಿನಲ್ಲಿ ಹಿಡಿದು ತಂದಿದ್ದಳು. ಮೆಟ್ಟುಗತ್ತಿಗೆ ಅಡಿಕೆ ಒತ್ತಿದಾಗಲೊಮ್ಮೆ ‘ಚರಕ್’ ಎನ್ನುವ ಸದ್ದು, ನಡುವೆ ಸುಲಿದ ಅಡಿಕೆ ಬುಟ್ಟಿಗೆ ಬೀಳುವ ಸದ್ದು. ನಾನು ಒಂದು ಗಂಟೆ ಕೂತು ಅವೆಲ್ಲವನ್ನೂ ತೆಗೆದು ‘ಶುದ್ಧ’ ಮಾಡಿ ಕೇಳಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೇಡಂ, ಅಜ್ಜಿ ಈಗ ಎಲ್ಲಿ ಕೂತಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ’ ಎಂದಳು. ಹಳೆಯ ಫೈಲನ್ನೇ ಉಳಿಸಿಕೊಂಡೆವು. ಅಜ್ಜಿ ಮಾತು ನಿಲ್ಲಿಸಿದಾಗ ಕತ್ತಿಯ ಸದ್ದೂ ನಿಲ್ಲುತ್ತದೆ ಎಂಬುದು ಮತ್ತೆ ಕೇಳಿದಾಗಲೇ ನನ್ನ ಗಮನಕ್ಕೆ ಬಂದದ್ದು. ಕಥೆಯ ಭಯದ ಜಾಗ ಅದೇ.

ಫೈಲ್ ಉಳಿಸುವುದರಲ್ಲಿ ಎಚ್ಚರ ಬೇಕು. ಹಿಂದೊಮ್ಮೆ ನಾನು ಪ್ರಾಜೆಕ್ಟ್ ಫೈಲನ್ನು ಮಾತ್ರ ಪೆನ್‌ಡ್ರೈವ್‌ಗೆ ಹಾಕಿಕೊಂಡು, ಧ್ವನಿಯಿದ್ದ ಫೋಲ್ಡರನ್ನು ಕಂಪ್ಯೂಟರಿನಲ್ಲೇ ಬಿಟ್ಟು, ಆ ಕಂಪ್ಯೂಟರನ್ನು ದುರಸ್ತಿಗೆ ಕೊಟ್ಟೆ. ಅಲ್ಲಿ ಎಲ್ಲವನ್ನೂ ಅಳಿಸಿದರು. ಒಂಬತ್ತು ಮಕ್ಕಳ ಧ್ವನಿ ಹೋಯಿತು. ಅದರಲ್ಲಿ ಒಬ್ಬ ಹುಡುಗನ ಅಜ್ಜ ಆ ಬೇಸಿಗೆಯಲ್ಲಿ ತೀರಿಕೊಂಡರು, ಮತ್ತೆ ಹಿಡಿಯಲು ಆಗಲಿಲ್ಲ. ಅಂದಿನಿಂದ ಕೆಲಸ ಮುಗಿದ ದಿನವೇ ಪ್ರತಿ ಕಥೆಯನ್ನೂ ಎರಡು ಬಗೆಯಲ್ಲಿ ಹೊರತೆಗೆದು, ಎರಡು ಕಡೆ ಇಡುತ್ತೇನೆ. ಕಾಪಿಡಲು ಧ್ವನಿಯನ್ನು ಕುಗ್ಗಿಸದ ಡಬ್ಲ್ಯುಎವಿ, ಹಂಚಲು ಕುಗ್ಗಿಸಿದ ಎಂಪಿ3. ಮೂರು ನಿಮಿಷದ ಕಥೆ ಮೋನೊ (ಒಂದೇ ಚಾನೆಲ್) ಡಬ್ಲ್ಯುಎವಿಯಲ್ಲಿ ಸುಮಾರು 16 ಎಂಬಿ ಆಗುತ್ತದೆ. 64 ಕೆಬಿಪಿಎಸ್ ಎಂಪಿ3 ಆದರೆ ಒಂದೂವರೆ ಎಂಬಿ, ಸಿಗ್ನಲ್ ಕಡಿಮೆಯಿರುವ ಹಳ್ಳಿಗೂ ವಾಟ್ಸಾಪ್‌ನಲ್ಲಿ ತಲುಪುತ್ತದೆ.

ಕನ್ನಡ ಅಕ್ಷರದ ಪರೀಕ್ಷೆ

ಯಾವ ತಂತ್ರಾಂಶವನ್ನಾದರೂ ಮಕ್ಕಳ ಕೈಗೆ ಕೊಡುವ ಮೊದಲು ಅದರಲ್ಲಿ ಮೂರು ಪದ ಬರೆದು ನೋಡಿ: ತೀರ್ಥಹಳ್ಳಿ, ರಾಷ್ಟ್ರ, ಸಾಮರ್ಥ್ಯ. ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ನಿಂತರೆ, ಅರ್ಕಾವತ್ತು ತಪ್ಪು ಜಾಗಕ್ಕೆ ಹೋದರೆ ಆ ತಂತ್ರಾಂಶ ನಮಗೆ ಬೇಡ. ಎಷ್ಟೇ ಚೆಂದವಿರಲಿ, ತನ್ನ ಊರಿನ ಹೆಸರನ್ನು ಮುರಿದು ತೋರಿಸುವ ಪರದೆಯನ್ನು ಮಗುವಿನ ಮುಂದೆ ಇಡಬಾರದು. ವಿಡಿಯೊ ಜೋಡಿಸುವ ಆ್ಯಪ್‌ಗಳಲ್ಲಿ ಈ ತೊಂದರೆ ಹೆಚ್ಚು.

ಟೈಪಿಸುವುದು ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲೇ ಆಗಬೇಕು. ಶಾಲೆಯ ಕಚೇರಿಯ ಕಂಪ್ಯೂಟರಿನಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬರೆಯುವ ರೂಢಿ ಇನ್ನೂ ಇರಬಹುದು. ಹಾಗೆ ಬರೆದದ್ದನ್ನು ಬೇರೆ ಕಂಪ್ಯೂಟರಿಗೋ ಜಾಲತಾಣಕ್ಕೋ ಅಂಟಿಸಿದರೆ ಅರ್ಥವಾಗದ ಚಿಹ್ನೆಗಳ ಸಾಲು ಬರುತ್ತದೆ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಅದನ್ನು ಆರಿಸಿಕೊಳ್ಳಿ. ಮೊಬೈಲಿನಲ್ಲಾದರೆ ಗೂಗಲ್‌ನ ಕೀಲಿಮಣೆ ಜಿಬೋರ್ಡ್ ಹಾಕಿಕೊಂಡರೆ ಮಗು ಬೆರಳಿನಿಂದ ಬರೆದರೂ ಅಕ್ಷರವಾಗುತ್ತದೆ, ಮಾತನಾಡಿದರೂ ಅಕ್ಷರವಾಗುತ್ತದೆ. ಮಾತಿನಿಂದ ಬರೆಸುವಾಗ ಹಳ್ಳಿಯ ಪದಗಳನ್ನು ಅದು ತನಗೆ ಗೊತ್ತಿರುವ ಪದಗಳಿಗೆ ತಿರುಗಿಸಿಬಿಡುತ್ತದೆ. ಉಂಬಳ (ಜಿಗಣೆ), ಸಂಕ (ಹಳ್ಳ ದಾಟುವ ಮರದ ಕಿರುಸೇತುವೆ), ಕಳಲೆ (ಎಳೆ ಬಿದಿರು) ಇಂಥವನ್ನು ಒಂದೊಂದಾಗಿ ನೋಡಿ ಮಗುವಿನ ಕೈಯಲ್ಲೇ ತಿದ್ದಿಸಿ.

ಯಾವ ಕಥೆಗೆ ಯಾವ ಉಪಕರಣ

ಚಿತ್ರಪುಸ್ತಕಕ್ಕೆ ಸ್ಟೋರಿವೀವರ್ ಇದೆ. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಜಾಲತಾಣವಿದು. ಕನ್ನಡದ ಕಥೆಗಳನ್ನು ಓದುವ ಮಟ್ಟದ ಪ್ರಕಾರ ವಿಂಗಡಿಸಿಟ್ಟಿದ್ದಾರೆ, ಪಿಡಿಎಫ್ ಇಳಿಸಿಕೊಂಡು ಇಂಟರ್‌ನೆಟ್ ಇಲ್ಲದಾಗಲೂ ಓದಬಹುದು. ಅಲ್ಲಿನ ಚಿತ್ರಗಳನ್ನೇ ಬಳಸಿ ಹೊಸ ಕಥೆ ಬರೆಯಬಹುದು, ಇರುವ ಕಥೆಯನ್ನು ಅನುವಾದ ಮಾಡಬಹುದು. ನಾನು ಅನುವಾದದಿಂದ ಶುರು ಮಾಡಿಸುತ್ತೇನೆ. ಮನೆಯಲ್ಲಿ ಉರ್ದು, ಕೊಂಕಣಿ ಮಾತನಾಡುವ ಮಕ್ಕಳು ಕನ್ನಡದ ಕಥೆಯನ್ನು ತಮ್ಮ ಮಾತಿಗೆ ತರುವಾಗ ಇಡೀ ತರಗತಿ ಅವರ ಸುತ್ತ ನೆರೆಯುತ್ತದೆ. ಖಾತೆ ಶಿಕ್ಷಕರ ಹೆಸರಿನಲ್ಲೇ ಇರಲಿ. ಇನ್ನೊಂದು ಮುಖ್ಯ ಸಂಗತಿ: ಅಲ್ಲಿ ಪ್ರಕಟಿಸಿದ ಕಥೆಯನ್ನು ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಅಜ್ಜಿಯ ಕಥೆಯನ್ನು ಹಾಗೆ ಬಿಟ್ಟುಕೊಡಲು ಮನೆಯವರು ಒಪ್ಪುತ್ತಾರೆಯೇ ಎಂದು ಕೇಳುವವರೆಗೆ ‘ಪ್ರಕಟಿಸು’ ಗುಂಡಿ ಒತ್ತಬೇಡಿ.

ಮಕ್ಕಳೇ ಬಿಡಿಸಿದ ಚಿತ್ರವಿದ್ದರೆ ಎಲ್ಲಕ್ಕಿಂತ ಮೇಲು. ಕೆಮ್ಮಣ್ಣಿನ ಬಣ್ಣದ ಹಾಳೆಯ ಮೇಲೆ ಬಿಳಿ ಗೆರೆಯಲ್ಲಿ ಹಸೆ ಚಿತ್ತಾರದ ಮಾದರಿ ಬರೆಸಿ. ದೀವರ ಮನೆಗಳ ಹೆಣ್ಣುಮಕ್ಕಳು ಪುಂಡಿ ನಾರಿನ ಕುಂಚದಲ್ಲಿ, ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಗೋಡೆಗೆ ಬರೆಯುತ್ತಿದ್ದ ಆ ಗೆರೆಗಳು ಫೋಟೊದಲ್ಲಿ ಬಹಳ ಸ್ಪಷ್ಟವಾಗಿ ಮೂಡುತ್ತವೆ. ಹಾಳೆಯನ್ನು ಕಿಟಕಿಯ ಬಳಿ ನೆಲಕ್ಕಿಟ್ಟು, ಮೊಬೈಲನ್ನು ನೇರ ಮೇಲಿನಿಂದ ಹಿಡಿದು, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಸ್ಲೈಡ್ ಮಾಡುವ ಉಚಿತ ತಂತ್ರಾಂಶ ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲಿ ಒಂದು ಸ್ಲೈಡಿಗೆ ಒಂದು ಚಿತ್ರ, ಎರಡು ವಾಕ್ಯ ಹಾಕಿ ಪಿಡಿಎಫ್ ಮಾಡಿದರೆ ಪುಸ್ತಕ ಸಿದ್ಧ.

ದಾರಿ ಕವಲೊಡೆಯುವ ಕಥೆಗೆ ಟ್ವೈನ್ ಎಂಬ ಉಚಿತ ತಂತ್ರಾಂಶ. ಇದು ನನ್ನ ಮಕ್ಕಳ ಅಚ್ಚುಮೆಚ್ಚಿನದು. ಕಥೆಯನ್ನು ತುಣುಕುಗಳಾಗಿ ಬರೆಯಬೇಕು. ಒಂದು ತುಣುಕಿನ ಕೊನೆಯಲ್ಲಿ ಜೋಡಿ ಚೌಕ ಕಂಸದೊಳಗೆ ಪದ ಬರೆದರೆ ಅದೇ ಮುಂದಿನ ತುಣುಕಿಗೆ ಬಾಗಿಲಾಗುತ್ತದೆ. ಕಳೆದ ವರ್ಷ ಎಂಟನೇ ತರಗತಿಯವರು ಮಾಡಿದ ಕಥೆ ಹೀಗೆ ಶುರುವಾಗುತ್ತದೆ: ‘ಶಾಲೆ ಬಿಟ್ಟಿತು. ಮಳೆ ನಿಂತಿಲ್ಲ. ಹಳ್ಳ ಕೆಂಪಾಗಿ ಏರಿದೆ. ಕಾಲುಸಂಕದ ಮೇಲೆ ನೀರು ತಾಗುತ್ತಿದೆ.’ ಕೆಳಗೆ ಮೂರು ಬಾಗಿಲು: [[ಸಂಕ ದಾಟು]], [[ಸುತ್ತಿನ ದಾರಿ ಹಿಡಿ]], [[ಈ ದಡದ ಮನೆಯಲ್ಲಿ ಉಳಿ]].

ಮೊದಲ ಕರಡಿನಲ್ಲಿ ಸಂಕ ದಾಟಿದ ಹುಡುಗ ನಾಯಕನಾಗಿದ್ದ. ನಿಜವಾಗಿ ದಿನವೂ ಸಂಕ ದಾಟಿ ಬರುವ ಇಬ್ಬರು ಮಕ್ಕಳು ಅದನ್ನು ಒಪ್ಪಲಿಲ್ಲ. ನೀರು ಮರಕ್ಕೆ ತಾಗಿದರೆ ಮರ ನಡುಗುತ್ತದೆ, ಕಾಲಿಗೆ ಮೊದಲು ತಿಳಿಯುತ್ತದೆ, ಆಗ ಹಿಂದಕ್ಕೆ ಬರಬೇಕು ಎಂದರು. ಆ ಮಾತು ಹಾಗೆಯೇ ಕಥೆಯೊಳಗೆ ಹೋಯಿತು. ‘ಈ ದಡದ ಮನೆಯಲ್ಲಿ ಉಳಿ’ ಎಂಬ ಬಾಗಿಲನ್ನು ಸೇರಿಸಿದವರೂ ಅವರೇ. ಅದನ್ನು ಒತ್ತಿದವರಿಗೆ ಒಲೆಯ ಮುಂದೆ ಕಾಫಿ ಸಿಗುತ್ತದೆ, ಆ ಮನೆಯ ಅಮ್ಮ ಆಚೆ ದಡದತ್ತ ಕೂಗಿ ‘ಹುಡುಗ ಇಲ್ಲೇ ಇದ್ದಾನೆ’ ಎಂದು ತಿಳಿಸುತ್ತಾಳೆ. ಹತ್ತು ಹನ್ನೆರಡು ತುಣುಕಿಗೆ ಮಿತಿ ಹಾಕಿ, ಇಲ್ಲವಾದರೆ ಕವಲುಗಳು ಕಾಡಿನಂತೆ ಬೆಳೆದು ಯಾವುದೂ ಮುಗಿಯುವುದಿಲ್ಲ. ಮೊದಲು ನೆಲದ ಮೇಲೆ ಚೀಟಿಗಳನ್ನು ಹರಡಿ, ನಡುವೆ ದಾರ ಎಳೆದು ನಕ್ಷೆ ಮಾಡಿಸಿ. ಬ್ರೌಸರಿನಲ್ಲಿ ಟ್ವೈನ್ ಬಳಸುತ್ತಿದ್ದರೆ ಕಥೆ ಆ ಬ್ರೌಸರಿನೊಳಗೆ ಮಾತ್ರ ಉಳಿದಿರುತ್ತದೆ. ಯಾರಾದರೂ ಅದರ ದತ್ತಾಂಶ ಅಳಿಸಿದರೆ ಕಥೆಯೂ ಹೋಗುತ್ತದೆ. ಅವಧಿ ಮುಗಿಯುವ ಐದು ನಿಮಿಷ ಮೊದಲು ಫೈಲ್ ಆಗಿ ಇಳಿಸಿಕೊಳ್ಳುವುದನ್ನು ರೂಢಿ ಮಾಡಿ. ಆ ಒಂದೇ ಎಚ್‌ಟಿಎಂಎಲ್ ಫೈಲ್ ಇಂಟರ್‌ನೆಟ್ ಇಲ್ಲದೆ ಯಾವ ಬ್ರೌಸರಿನಲ್ಲೂ ತೆರೆಯುತ್ತದೆ.

ಪಾತ್ರಗಳು ಚಲಿಸಬೇಕು, ಮಾತನಾಡಬೇಕು ಎನ್ನುವವರಿಗೆ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಸ್ಕ್ರ್ಯಾಚ್ ಇದೆ, ಕಂಪ್ಯೂಟರಿಗೆ ಇಳಿಸಿಕೊಂಡರೆ ಇಂಟರ್‌ನೆಟ್ ಬೇಡ. ಇದನ್ನು ಗಣಿತ ಅಥವಾ ವಿಜ್ಞಾನ ಶಿಕ್ಷಕರ ಜೊತೆ ಸೇರಿ ಮಾಡುವುದು ಒಳ್ಳೆಯದು. ಗ್ರಂಥಾಲಯದ 40 ನಿಮಿಷಕ್ಕೆ ಇದು ದೊಡ್ಡದಾಯಿತು.

ಎರಡೇ ಕಂಪ್ಯೂಟರಿದ್ದರೆ ನಾಲ್ವರ ಗುಂಪು ಮಾಡಿ: ಒಬ್ಬರು ಹೇಳುವವರು, ಒಬ್ಬರು ಟೈಪಿಸುವವರು, ಒಬ್ಬರು ಚಿತ್ರದವರು, ಒಬ್ಬರು ತಪ್ಪು ಹುಡುಕುವವರು. ವಾರಕ್ಕೆ ಎರಡು ಗುಂಪು ಕಂಪ್ಯೂಟರಿಗೆ, ಉಳಿದವರು ಪುಸ್ತಕ ಓದಲಿ. ಗುಂಪಿನೊಳಗೆ ಕೆಲಸ ಬದಲಾಗುತ್ತಿರಲಿ, ಇಲ್ಲವಾದರೆ ಮನೆಯಲ್ಲಿ ಕಂಪ್ಯೂಟರಿರುವ ಮಗುವೇ ಪ್ರತಿ ಸಲ ಕೀಲಿಮಣೆ ಹಿಡಿಯುತ್ತದೆ.

ಒಪ್ಪಿಗೆ ಮತ್ತು ಹಕ್ಕು

ಪೋಷಕರಿಗೆ ಕನ್ನಡದಲ್ಲಿ ಅರ್ಧ ಪುಟದ ಪತ್ರ ಬರೆಯಿರಿ. ಏನು ಹಿಡಿಯುತ್ತೇವೆ, ಎಲ್ಲಿ ಇಡುತ್ತೇವೆ, ಯಾರು ಕೇಳುತ್ತಾರೆ ಎಂಬುದು ಅದರಲ್ಲಿ ಇರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಶಾಲೆಯ ಹೊರಗೆ ಹೋಗುವ ಯಾವ ಕಥೆಯಲ್ಲೂ ಮಗುವಿನ ಮುಖ, ಮನೆಯ ಗುರುತು ಬೇಡ. ಹಾಡು ಹೇಳಿದ ಅಜ್ಜಿಯರಿಗೂ ಕೇಳಿಸಿಯೇ ಮುಂದುವರಿಯಿರಿ. ಕೆಲವು ಹಾಡುಗಳನ್ನು ಹಬ್ಬದ ರಾತ್ರಿ ಬಿಟ್ಟು ಬೇರೆ ದಿನ ಕೇಳಿಸಬಾರದು ಎಂದು ಅವರು ಹೇಳಿದರೆ ಅದು ಅವರ ಮಾತು, ನಡೆಸಿಕೊಡಬೇಕು.

ಸಿನಿಮಾ ಹಾಡನ್ನು ಹಿನ್ನೆಲೆಗೆ ಹಾಕಬೇಡಿ. ಹುಡುಕಿದಾಗ ಸಿಕ್ಕ ಚಿತ್ರವೆಲ್ಲ ನಮ್ಮದಲ್ಲ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಮುಕ್ತ ಪರವಾನಗಿಯ ಚಿತ್ರಗಳಿವೆ, ತೆಗೆದವರ ಹೆಸರು ಹಾಕಿ ಬಳಸಿ. ಕುಪ್ಪಳಿ ನಮಗೆ ಹತ್ತಿರವಾದ್ದರಿಂದ ಕುವೆಂಪು ಅವರ ಸಾಲುಗಳನ್ನು ಕಥೆಯೊಳಗೆ ಸೇರಿಸಲು ಮಕ್ಕಳು ಆಸೆಪಡುತ್ತಾರೆ. ನಮ್ಮ ಕಾಯ್ದೆಯಲ್ಲಿ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಅವರು ತೀರಿಕೊಂಡದ್ದು 1994ರಲ್ಲಿ, ಹಾಗಾಗಿ 2054ರ ಕೊನೆಯವರೆಗೆ. ತರಗತಿಯೊಳಗೆ ಓದಿ ಕಲಿಯಲು ಅಡ್ಡಿಯಿಲ್ಲ, ಜಾಲತಾಣಕ್ಕೆ ಏರಿಸುವ ಮುನ್ನ ಅನುಮತಿ ಬೇಕು.

ಕಪಾಟಿಗೆ ಸೇರಿಸುವುದು

ಕಥೆಗಳನ್ನು ಒಂದು ಫೋಲ್ಡರಿನಲ್ಲಿ ಬಿಟ್ಟರೆ ಮುಂದಿನ ವರ್ಷ ಯಾರಿಗೂ ನೆನಪಿರುವುದಿಲ್ಲ. ಪಿಡಿಎಫ್ ಆದ ಪ್ರತಿ ಕಥೆಯ ಒಂದು ಪ್ರತಿಯನ್ನು ಮುದ್ರಿಸಿ, ನಡುವೆ ಹೊಲಿದು, ರಟ್ಟಿನ ಹೊದಿಕೆ ಹಾಕಿ. ಧ್ವನಿಕಥೆಗೂ ಟ್ವೈನ್ ಕಥೆಗೂ ಒಂದು ಕಾರ್ಡ್ ಮಾಡಿ ಅದರ ಮೇಲೆ ಫೈಲಿನ ಹೆಸರು, ಯಾವ ಕಂಪ್ಯೂಟರ್, ಯಾವ ಫೋಲ್ಡರ್ ಎಂದು ಬರೆಯಿರಿ. ಬೆನ್ನಿಗೆ ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯಕ್ಕಿರುವ 894.814 ಸಂಖ್ಯೆಯ ಚೀಟಿ ಅಂಟಿಸಿ, ಉಳಿದ ಪುಸ್ತಕಗಳ ನಡುವೆಯೇ ಇಡಿ. ‘ಮಕ್ಕಳ ಕೆಲಸ’ ಎಂದು ಬೇರೆ ಮೂಲೆಗೆ ಹಾಕಬೇಡಿ. ನಮ್ಮಲ್ಲಿ ಆ ಕಾಲುಸಂಕದ ಕಥೆಯನ್ನು ನೋಡಲು ಏಳನೇ ತರಗತಿಯ ಮಕ್ಕಳು ಪಕ್ಕದ ಪ್ರಾಥಮಿಕ ಶಾಲೆಯಿಂದ ಬರುತ್ತಾರೆ.

ಗ್ರಂಥಾಲಯಕ್ಕೆ ಬಂದ ಪ್ರತಿ ಪುಸ್ತಕವನ್ನೂ ಕ್ರಮಸಂಖ್ಯೆ ಕೊಟ್ಟು ದಾಖಲಿಸುವ ಪರಿಗ್ರಹಣ ವಹಿಯಲ್ಲಿ ಎಲ್ಲ ಪುಸ್ತಕಗಳಂತೆ ಮುಂದಿನ ಸಂಖ್ಯೆ ಕೊಡಿ. ‘ಕರ್ತೃ’ ಎಂಬಲ್ಲಿ ಮಗುವಿನ ಹೆಸರು, ಅದರ ಕೆಳಗೆ ‘ಹೇಳಿದವರು’ ಎಂದು ಅಜ್ಜಿಯ ಹೆಸರು. ಅಡಿಕೆಯ ಕಥೆ ತಂದ ಹುಡುಗಿ ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಾ, ಬೆಲೆಯ ಅಂಕಣದಲ್ಲಿ ಏನು ಬರೆಯುತ್ತೀರಿ ಎಂದು ಕೇಳಿದಳು. ದಾನವಾಗಿ ಬಂದ ಎಲ್ಲ ಪುಸ್ತಕಕ್ಕೂ ಬರೆಯುವಂತೆ ‘ಕೊಡುಗೆ’ ಎಂದು ಬರೆದೆ. ಆಮೇಲೆ ಶಾಲೆಯ ಮುದ್ರೆಯನ್ನು ಅವಳ ಕೈಗೆ ಕೊಟ್ಟೆ. ಮೊದಲ ಪುಟಕ್ಕೊಂದು, ಕೊನೆಯ ಪುಟಕ್ಕೊಂದು, ಪ್ರತಿ ಗ್ರಂಥಪಾಲಕರೂ ಪುಸ್ತಕ ಕಳುವಾದರೆ ಗುರುತಿಗಿರಲಿ ಎಂದು ಒತ್ತುವ ಆ ಗುಟ್ಟಿನ ಪುಟಕ್ಕೊಂದು. ನಮ್ಮ ಗುಟ್ಟಿನ ಪುಟ ಯಾವುದೆಂದು ಈಗ ಅವಳಿಗೂ ಗೊತ್ತು.